ಸೌದೆ ಭಟ್ಟಿ ಕಲಿಯಲು ಹಿರಿಯ ಕುಂಬಾರರ ಬಳಿ ಸೇರುವುದು: ಅನುಭವ ಇರುವವರು ಹೇಳಿ

ಹಸಿಮಣ್ಣು

ಎಲ್ಲರಿಗೂ ನಮಸ್ಕಾರ. ತಿಗರಿ ಮೇಲೆ ನನಗೆ ತಕ್ಕಮಟ್ಟಿಗೆ ಕೈ ಕೂತಿದೆ. ಲೋಟ, ಬೋಗುಣಿ, ಹೂಜಿ ಒಂದೇ ಅಳತೆಗೆ ಎಳೆಯಬಲ್ಲೆ. ಇಲ್ಲಿಯವರೆಗೆ ಸುಟ್ಟಿದ್ದೆಲ್ಲ ಕರೆಂಟಿನ ಭಟ್ಟಿಯಲ್ಲಿ. ಸೌದೆಯಲ್ಲಿ ಸುಟ್ಟ ಪಾತ್ರೆಗಳನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ಒಂದೇ ಬೋಗುಣಿಯ ಒಂದು ಮಗ್ಗುಲಲ್ಲಿ ಬೂದಿ ಕರಗಿ ಹಸಿರು ಗಾಜಾಗಿ ಹರಿದಿದೆ, ಇನ್ನೊಂದು ಮಗ್ಗುಲಲ್ಲಿ ಬರೀ ಮಣ್ಣು ಕೆಂಪಗೆ ನಿಂತಿದೆ. ಡಬ್ಬಿಯಲ್ಲಿ ಸಿಗುವ, ಪಾತ್ರೆಗೆ ಬಳಿದು ಸುಟ್ಟರೆ ಗಾಜಾಗುವ ಯಾವ ಗ್ಲೇಜ್‌ನಿಂದಲೂ ಅದು ಬರುವುದಿಲ್ಲ.

ತುಂಬಾ ವರ್ಷಗಳಿಂದ ಸೌದೆ ಭಟ್ಟಿ ಉರಿಸುತ್ತಿರುವ ಹಿರಿಯರೊಬ್ಬರು ನನ್ನನ್ನು ಜೊತೆಗೆ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಫೀಸು ಇಲ್ಲ, ಸಂಬಳವೂ ಇಲ್ಲ. "ಬಂದು ಕೆಲಸಕ್ಕೆ ನಿಲ್ಲಮ್ಮ, ಮಿಕ್ಕಿದ್ದು ಆಮೇಲೆ ನೋಡೋಣ" ಅಂದರು. ಮೊದಲ ಕೆಲವು ತಿಂಗಳು ಸೌದೆ ಸೀಳುವುದು, ಮಣ್ಣು ಹದ ಮಾಡುವುದು, ಭಟ್ಟಿಯ ಶೆಲ್ಫ್ ಕೆರೆದು ಚೊಕ್ಕ ಮಾಡುವುದು, ಇಷ್ಟೇ. ತಿಗರಿಯ ಮಾತೇ ಬರಲಿಲ್ಲ.

ಇಂಥ ಕೆಲಸದಿಂದ ನಿಜವಾಗಿಯೂ ಬೆಂಕಿ ಅರ್ಥವಾಗುತ್ತದಾ? ಸೇರುವ ಮುಂಚೆ ಏನೇನು ಕೇಳಿಕೊಳ್ಳಬೇಕು? ಪುಸ್ತಕ, ಕಾರ್ಯಾಗಾರ ಇಷ್ಟರಲ್ಲೇ ಕಲಿಯಲು ಆಗುವುದಿಲ್ಲವಾ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಒಲೆಬಾಯಿ

ಹೋಗಿ. ಕೇಳಬೇಕಾದದ್ದನ್ನು ಕೇಳಿಕೊಂಡು ಹೋಗಿ, ಆದರೆ ಹೋಗಿ.

ಕರೆಂಟಿನ ಭಟ್ಟಿಯಲ್ಲಿ ಪಾತ್ರೆ ಜೋಡಿಸಿ ಗುಂಡಿ ಒತ್ತಿದರೆ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಸೌದೆ ಭಟ್ಟಿಯಲ್ಲಿ ಅಲ್ಲಿಂದಲೇ ಕೆಲಸ ಶುರು. ಚಿಕ್ಕ ಭಟ್ಟಿಯಾದರೆ ಒಂದು ಹಗಲು, ಒಂದು ರಾತ್ರಿ. ಸುರಂಗದಂಥ ಉದ್ದನೆಯ ಅನಗಾಮ ಭಟ್ಟಿಯಾದರೆ ಹಲವು ದಿನ ಬಿಡದೆ ಉರಿಸಬೇಕು. ಅಷ್ಟೂ ಹೊತ್ತು ಯಾರಾದರೂ ಒಲೆಬಾಯಿಯ ಮುಂದೆ ಕೂತು ತೀರ್ಮಾನ ಮಾಡುತ್ತಲೇ ಇರಬೇಕು. ಈಗ ಸೌದೆ ಹಾಕಲಾ, ತಡೆಯಲಾ? ದಪ್ಪದ್ದಾ, ಸಣ್ಣದ್ದಾ? ಗಾಳಿ ಕೊಡಲಾ, ಮುಚ್ಚಲಾ? ಇದನ್ನು ಬರೆದು ಕೊಡಬಹುದು, ಆದರೆ ಓದಿದವರಿಗೆ ಬೆಂಕಿಯ ಮುಂದೆ ಅದು ನೆನಪಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಶೆಲ್ಫ್ ಕೆರೆಯುವ ವಿಷಯ ಹೇಳುತ್ತೇನೆ, ಏಕೆಂದರೆ ನನಗೆ ಮೊದಲ ಪಾಠ ಸಿಕ್ಕಿದ್ದೇ ಅಲ್ಲಿ. ಭಟ್ಟಿ ಬಿಚ್ಚಿದ ಮೇಲೆ ಶೆಲ್ಫ್‌ಗಳನ್ನು ಎಲ್ಲಿದ್ದವೋ ಅದೇ ಕ್ರಮದಲ್ಲಿ ಹೊರಗೆ ಸಾಲಾಗಿ ಇಡಿಸಿದರು ನಮ್ಮ ಮೇಷ್ಟ್ರು. ಕೆರೆಯುವ ಮುಂಚೆ ನೋಡು ಅಂದರು. ಬೆಂಕಿಗೆ ಹತ್ತಿರ ಇದ್ದ ಶೆಲ್ಫ್ ಮೇಲೆ ಬೂದಿ ದಪ್ಪಗೆ ಕರಗಿ ಗಾಜಾಗಿತ್ತು. ಆದರೆ ಪ್ರತಿ ಪಾತ್ರೆಯ ಹಿಂದೆ ಬೂದಿ ಬೀಳದ ಒಂದು ಖಾಲಿ ಜಾಗ, ಪಾತ್ರೆಯ ನೆರಳು ಬಿದ್ದ ಹಾಗೆ. ಆ ನೆರಳು ಯಾವ ಕಡೆ ಚಾಚಿದೆಯೋ ಜ್ವಾಲೆ ಆ ಕಡೆಗೆ ಹೋಗಿದೆ. ಎರಡು ದೊಡ್ಡ ಹೂಜಿಗಳ ನಡುವೆ ಇದ್ದ ಪುಟ್ಟ ಲೋಟದ ನೆರಳು ಮಾತ್ರ ಓರೆಯಾಗಿತ್ತು. ಅಂದರೆ ಹೂಜಿಗಳ ಸಂದಿಯಲ್ಲಿ ಜ್ವಾಲೆ ತಿರುಗಿ ನುಗ್ಗಿದೆ. ಮುಂದಿನ ಸಲ ಪಾತ್ರೆ ಜೋಡಿಸುವಾಗ ಯಾವ ಸಂದಿ ಎಷ್ಟು ಬಿಡಬೇಕು ಅನ್ನುವುದು ಆ ಶೆಲ್ಫ್‌ಗಳಲ್ಲೇ ಬರೆದಿತ್ತು. ಜ್ವಾಲೆಗೆ ದಾರಿ ಮಾಡಿಕೊಡುವುದು ಪಾತ್ರೆ ಜೋಡಿಸುವವರೇ. ಹಾಗಾಗಿ ಶೆಲ್ಫ್ ಓದಲು ಬಂದವರಿಗೆ ಜೋಡಿಸುವುದು ಬೇಗ ಹತ್ತುತ್ತದೆ.

ಸೌದೆ ಸೀಳುವುದೂ ಅಷ್ಟೇ. ನೀವೇ ಸೀಳಿ, ನೀವೇ ಒಟ್ಟಿ, ಒಣಗಿಸಿದ ಸೌದೆ ಒಲೆಯಲ್ಲಿ ಹೇಗೆ ಉರಿಯುತ್ತದೆ ಅನ್ನುವುದು ನಿಮ್ಮ ಕೈಗೆ ಗೊತ್ತಿರುತ್ತದೆ.

ತಿಗರಿಮನೆ

ಒಲೆಬಾಯಿ ಅವರೇ, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ಒಂದು ಮಾತು. "ಕೆರೆಯುವ ಮುಂಚೆ ನೋಡು" ಅಂದವರು ನಿಮ್ಮ ಮೇಷ್ಟ್ರು. ಹಾಗೆ ಅನ್ನುವವರು ಇಲ್ಲದಿದ್ದರೆ ಶೆಲ್ಫ್ ಕೆರೆಯುವುದು ಬರೀ ಕೂಲಿ ಅಲ್ವಾ?

ನಾನು ಒಂದು ಕಡೆ ಹೀಗೇ ಸೇರಿದ್ದೆ. ಮಣ್ಣು ಕಲಸಿದೆ, ಸೌದೆ ಹೊತ್ತೆ, ಅಂಗಳ ತೊಳೆದೆ, ಪಾರ್ಸೆಲ್ ಕಟ್ಟಿದೆ. ಭಟ್ಟಿ ಉರಿಸುವ ದಿನ ಬಂದರೆ ಹೊರಗಿನಿಂದ ಅನುಭವಸ್ಥರನ್ನು ಕರೆಸುತ್ತಿದ್ದರು. ನನ್ನ ಪಾಲಿಗೆ ಸೌದೆಯನ್ನು ರಾಶಿಯಿಂದ ಒಲೆಯ ಹತ್ತಿರಕ್ಕೆ ತಂದು ಹಾಕುವುದು ಮಾತ್ರ. ಕೇಳಿದರೆ "ಇನ್ನೂ ಹೊತ್ತಾಗಿಲ್ಲ" ಅನ್ನುವ ಉತ್ತರ. ಯಾವಾಗ ಹೊತ್ತಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಕೊನೆಗೆ ಬಿಟ್ಟು ಬಂದೆ. ಬೆಂಕಿ ಕಲಿತದ್ದು ಇನ್ನೊಬ್ಬರ ಹತ್ತಿರ. ಅವರು ಮೊದಲ ಸಲವೇ ಪಕ್ಕದಲ್ಲಿ ಕೂರಿಸಿಕೊಂಡು ಸೌದೆ ಹಾಕಿಸಿದರು.

ಕೆಲಸ ಕಷ್ಟ ಅನ್ನುವುದು ನನ್ನ ದೂರಲ್ಲ. ಸೌದೆ ಭಟ್ಟಿಯಲ್ಲಿ ಸುಲಭದ ಕೆಲಸ ಯಾವುದೂ ಇಲ್ಲ. ಕಲಿಯಲು ಬಂದವರ ಸಮಯಕ್ಕೆ ಬೆಲೆ ಕೊಡದ ಕಡೆ ಮೌನವಾಗಿ ಸಹಿಸಿಕೊಂಡಿರುವುದನ್ನು ಗುರುಭಕ್ತಿ ಅಂತ ಕರೆಯಬಾರದು. ಹಸಿಮಣ್ಣು ಅವರೇ, ಮೊದಲೇ ಬಾಯಿ ಬಿಟ್ಟು ಕೇಳಿ.

ಬೂದಿಬಣ್ಣ

ಇಬ್ಬರ ಮಾತೂ ಸರಿ ಅನಿಸುತ್ತದೆ. ಸ್ವಲ್ಪ ಹಿಂದಿನದನ್ನು ನೋಡಿದರೆ ಇಬ್ಬರೂ ಎಲ್ಲಿ ಸೇರುತ್ತಾರೆ ಅನ್ನುವುದು ಕಾಣುತ್ತದೆ.

1920ರಲ್ಲಿ ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಕುಂಬಾರ ಶೋಜಿ ಹಮಾದ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆ ಶುರು ಮಾಡಿ, ಜಪಾನಿನ ಮಾದರಿಯ ಏರುಭಟ್ಟಿ ಕಟ್ಟಿದರು. ಇಳಿಜಾರಿನಲ್ಲಿ ಒಂದರ ಮೇಲೊಂದು ಕೋಣೆ ಇರುವ ಭಟ್ಟಿ ಅದು. ಕೆಳಗಿನ ಕೋಣೆಯ ಬಿಸಿ ಮೇಲಿನ ಕೋಣೆಯನ್ನು ಕಾಯಿಸುತ್ತಾ ಹೋಗುತ್ತದೆ. 1923ರಲ್ಲಿ ಮೈಕೆಲ್ ಕಾರ್ಡ್ಯೂ ಅಲ್ಲಿಗೆ ಕಲಿಯಲು ಬಂದರು. 1926ರಲ್ಲಿ ಅವರು ವಿಂಚ್‌ಕೂಂಬ್ ಹತ್ತಿರ ಪಾಳು ಬಿದ್ದಿದ್ದ ಹಳೆಯ ಕುಂಬಾರಿಕೆಯೊಂದನ್ನು ಮತ್ತೆ ಎಬ್ಬಿಸಿದಾಗ, ಆ ಜಾಗದಲ್ಲಿ ಹಿಂದೆ ತಿಗರಿ ಎಳೆಯುತ್ತಿದ್ದ ಎಲೈಜಾ ಕಂಫರ್ಟ್ ಎಂಬ ಹಿರಿಯರನ್ನು ಕೆಲಸಕ್ಕೆ ಕರೆತಂದರು. ಲೀಚ್ ಬಳಿ ಕಲಿತು ಬಂದವರು ಮತ್ತೆ ಒಬ್ಬ ಹಳೆಯ ಕೈಯ ಪಕ್ಕದಲ್ಲಿ ಕೂತರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಮುಂದೆ 1951ರಲ್ಲಿ ನೈಜೀರಿಯಾದಲ್ಲಿ ಕೆಲಸಕ್ಕೆ ಸೇರಿದ ಕಾರ್ಡ್ಯೂ, ಅಲ್ಲಿನ ಅಬುಜಾದಲ್ಲಿ (ಈಗಿನ ರಾಜಧಾನಿ ಅಲ್ಲ, ಇವತ್ತು ಸುಲೇಜಾ ಅನ್ನುವ ಊರು) 1965ರವರೆಗೆ ಕುಂಬಾರಿಕೆ ತರಬೇತಿ ಕೇಂದ್ರ ನಡೆಸಿದರು. 1954ರಲ್ಲಿ ಅಲ್ಲಿಗೆ ಬಂದ ಲಾಡಿ ಕ್ವಾಲಿ ಹೊಸಬರಲ್ಲ. ಚಿಕ್ಕವಯಸ್ಸಿನಲ್ಲೇ ಮನೆಯ ಹೆಂಗಸರಿಂದ ಮಡಕೆ ಕಲಿತು, ಆಗಲೇ ಹೆಸರು ಮಾಡಿದ್ದವರು. ತಿಗರಿ ಇಲ್ಲದೆ ಕೈಯಲ್ಲೇ ದೊಡ್ಡ ಗಡಿಗೆ ಕಟ್ಟುತ್ತಿದ್ದರು. ಕೇಂದ್ರದಲ್ಲಿ ತಿಗರಿ, ಗ್ಲೇಜ್, ಜಾಸ್ತಿ ಉರಿಯ ಭಟ್ಟಿ ಕಲಿತರು. ಆದರೂ ತಮ್ಮ ಕೈಗಡಿಗೆಯನ್ನೂ ಅದರ ಮೇಲಿನ ಹಲ್ಲಿ, ಮೀನಿನ ಚಿತ್ರಗಳನ್ನೂ ಬಿಡಲಿಲ್ಲ. ಕಲಿಯಲು ಹೋದವರು ತಮ್ಮದನ್ನು ಬಿಟ್ಟುಕೊಡಬೇಕಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಜಪಾನಿನಲ್ಲಿ ಮಣ್ಣು ನಾದಲು ಮೂರು ವರ್ಷ, ತಿಗರಿಗೆ ಹತ್ತು ವರ್ಷ ಎಂಬ ಮಾತಿದೆ. ಅದನ್ನು ಲೆಕ್ಕ ಹಿಡಿದು ನೋಡಬೇಡಿ. ಮಣ್ಣಿನ ಗುಣ ಗೊತ್ತಿಲ್ಲದೆ ತಿಗರಿಗೆ ಹೋಗಬೇಡ ಅನ್ನುವುದು ಅದರ ತಿರುಳು. ಸೌದೆ ಭಟ್ಟಿಯಲ್ಲಂತೂ ಮಣ್ಣೇ ಮೊದಲು. ಜಪಾನಿನ ಬಿಜೆನ್ ಊರಿನ ಪಾತ್ರೆಗಳಿಗೆ ಗ್ಲೇಜ್ ಹಾಕುವುದೇ ಇಲ್ಲ. ಅಲ್ಲಿನ ಮಣ್ಣು, ಪೈನ್ ಮರದ ಬೆಂಕಿ, ಬೂದಿ, ಪಾತ್ರೆಗೆ ಸುತ್ತಿದ ಹುಲ್ಲು ಉಳಿಸಿಹೋದ ಕೆಂಪು ಗೆರೆ, ಇಷ್ಟೇ ಅದರ ಬಣ್ಣ.

ಹಸಿಮಣ್ಣು

ಎಲ್ಲರಿಗೂ ಧನ್ಯವಾದ. ಶೆಲ್ಫ್ ಮೇಲಿನ ನೆರಳಿನ ವಿಷಯ ಓದಿ ಇಡೀ ದಿನ ಅದೇ ತಲೆಯಲ್ಲಿತ್ತು.

ಒಂದು ಸಂದೇಹ. ಈಗ ಭಟ್ಟಿಗೆ ಬಿಸಿ ಅಳೆಯುವ ಪೈರೋಮೀಟರ್ ಹಾಕುತ್ತಾರಲ್ಲ, ಅಂಕಿ ನೋಡಿಕೊಂಡೇ ಉರಿಸಬಹುದಲ್ವಾ? ನಮ್ಮ ಹಿರಿಯರ ಭಟ್ಟಿಯಲ್ಲೂ ಒಂದು ಇದೆ. ಆದರೆ ಅವರು ಅದರ ಕಡೆ ಜಾಸ್ತಿ ನೋಡುವುದಿಲ್ಲವಂತೆ.

ಕೋನ್‌ಹತ್ತು

ಪೈರೋಮೀಟರ್ ಬೇಕು. ಅದು ಇದೆ ಅಂತ ನಾಚಿಕೆಪಡಬೇಕಾಗಿಲ್ಲ. ಆದರೆ ಅದು ಹೇಳುವುದು ಅದರ ತುದಿ ಇರುವ ಒಂದು ಜಾಗದ, ಆ ಕ್ಷಣದ ಬಿಸಿ. ಮಣ್ಣಿಗೂ ಗ್ಲೇಜ್‌ಗೂ ಲೆಕ್ಕ ಬೇರೆ. ಎಷ್ಟು ಬಿಸಿ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅನ್ನುವುದೂ ಅವುಗಳಿಗೆ ಮುಖ್ಯ. ಅದಕ್ಕೇ ಕೋನ್ ಇಡುವುದು, ಬಿಸಿ ಸಾಕಷ್ಟು ಕುಡಿದಾಗ ಬಾಗುವ ಪುಟ್ಟ ಮಣ್ಣಿನ ಗೂಟ. 1886ರಲ್ಲಿ ಜರ್ಮನಿಯ ಹರ್ಮನ್ ಸೇಗರ್ ರೂಪಿಸಿದ ಉಪಾಯ ಅದು, ಇವತ್ತಿಗೂ ನಡೆಯುತ್ತಿದೆ. ಹತ್ತನೇ ನಂಬರಿನ ಕೋನ್ ಉರಿ ಏರುವ ವೇಗದ ಮೇಲೆ 1285ರಿಂದ 1305 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಾಗುತ್ತದೆ. ದಿನಗಟ್ಟಲೆ ಉರಿಸುವ ಭಟ್ಟಿಯಲ್ಲಿ ಇನ್ನೂ ಕಡಿಮೆ ಅಂಕಿಗೇ ಬಾಗಿಬಿಡಬಹುದು, ಏಕೆಂದರೆ ಅಷ್ಟು ಹೊತ್ತು ಬಿಸಿ ಕುಡಿದಿರುತ್ತದೆ.

ಆದರೆ ಸೌದೆ ಭಟ್ಟಿಯಲ್ಲಿ ಕೋನ್ ಮೇಲೂ ಬೂದಿ ಬಿದ್ದು ಅದರ ಮಾತು ಕೆಡುತ್ತದೆ. ಆಗ ಉಂಗುರ ಎಳೆಯುತ್ತಾರೆ. ಪಾತ್ರೆಗೆ ಬಳಸಿದ ಮಣ್ಣಿನಲ್ಲೇ ಮಾಡಿದ ಚಿಕ್ಕ ಬಳೆಗಳು ಅವು. ಇಣುಕುಕಿಂಡಿಯ ಒಳಗೆ ಸಾಲಾಗಿ ನಿಲ್ಲಿಸಿರುತ್ತಾರೆ. ಕಬ್ಬಿಣದ ಸರಳು ತೂರಿಸಿ ಒಂದನ್ನು ಹೊರಗೆ ಎಳೆದರೆ ಕಣ್ಣು ಕೋರೈಸುವ ಹಳದಿ ಬಣ್ಣದಲ್ಲಿ ಬರುತ್ತದೆ. ತಣ್ಣಗಾದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಬೂದಿ ಇನ್ನೂ ಒರಟಾಗಿ, ಪುಡಿಯಾಗಿ ಅಂಟಿದೆಯಾ? ಕರಗಿ ಮಿಂಚುತ್ತಿದೆಯಾ? ಅಂಚಿನಲ್ಲಿ ಹನಿ ಕಟ್ಟಿದೆಯಾ? ಬೂದಿಯಲ್ಲಿ ಸುಣ್ಣದ ಅಂಶ, ಪೊಟ್ಯಾಶ್ ಇರುತ್ತದೆ. ಅವು ಮಣ್ಣಿನಲ್ಲಿರುವ ಸಿಲಿಕಾ, ಅಲ್ಯೂಮಿನಾ ಜೊತೆ ಸೇರಿ ಗಾಜಾಗುತ್ತವೆ. 1250 ಡಿಗ್ರಿ ಸುತ್ತಮುತ್ತ ತಲುಪಿದ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಅಷ್ಟು ಬಿಸಿ ಇದ್ದರೂ ಬೂದಿಯೇ ಸಾಕಷ್ಟು ಬಿದ್ದಿರದಿದ್ದರೆ ಉಂಗುರ ಒಣಗಿದ ಹಾಗೇ ಬರುತ್ತದೆ. ಅಂಕಿ ಸರಿ ಇದೆ, ಕೆಲಸ ಮುಗಿದಿಲ್ಲ. ನಿಮ್ಮ ಹಿರಿಯರು ಮೀಟರ್ ಕಡೆ ಯಾಕೆ ಜಾಸ್ತಿ ನೋಡುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ ಇರಬಹುದು.

ಮೊದಲ ಭಾಗದಲ್ಲಿ ಮಾತ್ರ ಮೀಟರ್ ತುಂಬಾ ಉಪಯೋಗ. ನೂರು ಡಿಗ್ರಿ ದಾಟುವವರೆಗೆ ಅವಸರ ಮಾಡಲೇಬಾರದು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಭಟ್ಟಿಯೊಳಗೆ ದೊಣ್ಣೆಯ ಕೆಲಸವನ್ನು ಮಣ್ಣಿನಲ್ಲಿ ಉಳಿದ ನೀರಿನ ಆವಿಯೇ ಮಾಡಿಬಿಡುತ್ತದೆ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಹೋಗುವಾಗಲೂ ಬರುವಾಗಲೂ ಅಲ್ಲಿ ನಿಧಾನ ಬೇಕು.

ಒಲೆಬಾಯಿ

ಕೋನ್‌ಹತ್ತು ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಮೇಷ್ಟ್ರ ಪಕ್ಕ ಕೂತು ಕಲಿಯುವುದು ಅಂದರೆ ಏನು ಅಂತ ಒಂದು ಹೊತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ.

ಭಟ್ಟಿ ಸಾವಿರ ಡಿಗ್ರಿ ದಾಟಿದೆ. ಒಲೆಬಾಯಿಗೆ ನಾಲ್ಕೈದು ಸೀಳು ಹಾಕಿ ಮುಚ್ಚಿದಿರಿ. ತಕ್ಷಣ ಚಿಮಣಿಯಿಂದ ಕಪ್ಪು ಹೊಗೆ. ಇಣುಕುಕಿಂಡಿಯ ಇಟ್ಟಿಗೆ ಸರಿಸಿದರೆ ಅಲ್ಲಿಂದ ಜ್ವಾಲೆ ಹೊರಗೆ ನಾಲಿಗೆ ಚಾಚುತ್ತದೆ. ಒಳಗೆ ಸೌದೆಯ ಅನಿಲ ಜಾಸ್ತಿ, ಗಾಳಿ ಕಡಿಮೆ, ಅದಕ್ಕೇ ಜ್ವಾಲೆ ಗಾಳಿ ಹುಡುಕಿಕೊಂಡು ಹೊರಗೆ ಬರುತ್ತಿದೆ. ಈ ಹೊತ್ತಿನಲ್ಲಿ ಮೀಟರ್ ಅಂಕಿ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಮಣ್ಣು, ಗ್ಲೇಜ್‌ನಲ್ಲಿರುವ ಕಬ್ಬಿಣದ ಆಮ್ಲಜನಕವನ್ನು ಬೆಂಕಿ ಕಿತ್ತುಕೊಳ್ಳುವುದು ಆಗಲೇ. ತಿಳಿಹಸಿರು ಸೆಲಡಾನ್ ಬಣ್ಣ ಬರುವುದು ಇದರಿಂದ.

ಆಮೇಲೆ ಹೊಗೆ ತೆಳುವಾಗುತ್ತದೆ. ಕಿಂಡಿಯ ಜ್ವಾಲೆ ಚಿಕ್ಕದಾಗಿ ಒಳಗೆ ಹೋಗುತ್ತದೆ. ಗುಡುಗುಡು ಸದ್ದು ತಿಳಿಯಾಗುತ್ತದೆ. ಅಂಕಿ ಏರಲು ಶುರು. ಏರಿ ಏರಿ, ಇನ್ನು ನಿಲ್ಲುತ್ತದೆ ಅನ್ನುವಾಗ ಮತ್ತೆ ಸೌದೆ. ಬೇಗ ಹಾಕಿದರೆ ಭಟ್ಟಿ ಉಸಿರುಗಟ್ಟುತ್ತದೆ. ತಡವಾದರೆ ತಣ್ಣಗಾಗುತ್ತದೆ. ಗಡಿಯಾರ ಇಟ್ಟುಕೊಂಡು ಇಷ್ಟು ನಿಮಿಷಕ್ಕೊಂದು ಸಲ ಅಂತ ಹಾಕುವವರಿದ್ದಾರೆ. ಸೌದೆ ಸ್ವಲ್ಪ ಹಸಿ ಇದ್ದರೂ, ಗಾಳಿ ತಿರುಗಿದರೂ ಆ ಲೆಕ್ಕ ತಪ್ಪುತ್ತದೆ.

ಹೀಗೆ ಹೋಗುತ್ತಾ ಹೋಗುತ್ತಾ ಒಂದು ಹಂತದಲ್ಲಿ ಅಂಕಿ ನಿಂತುಬಿಡುತ್ತದೆ. ಏನು ಮಾಡಿದರೂ ಏರುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ ದಣಿದಿರುವ ಹೊತ್ತಿನಲ್ಲೇ ಹೀಗಾಗುವುದು. ಆಗ ಎಲ್ಲರ ಕೈಯೂ ಸೌದೆ ರಾಶಿಗೇ ಹೋಗುತ್ತದೆ. ನಮ್ಮ ಮೇಷ್ಟ್ರು ಅಂಥ ಹೊತ್ತಿನಲ್ಲಿ ಸೌದೆ ಮುಟ್ಟಲು ಬಿಡುತ್ತಿರಲಿಲ್ಲ. ಬಗ್ಗಿ ಬೂದಿಗುಂಡಿ ನೋಡು ಅನ್ನುತ್ತಿದ್ದರು. ನೋಡಿದರೆ ಕೆಂಡ ಗುಡ್ಡೆ ಬಿದ್ದು ಗಾಳಿ ಬರುವ ತೂತು ಮುಚ್ಚಿಹೋಗಿರುತ್ತಿತ್ತು. ಸೌದೆ ಜಾಸ್ತಿ ಆಗಿಯೇ ಭಟ್ಟಿ ನಿಂತಿರುವುದು. ಕೆಳಗಿನ ತೂತು ತೆಗೆದು, ಕೆಂಡ ಕೆದಕಿ, ಅದು ಉರಿದು ತಗ್ಗುವವರೆಗೆ ಸಣ್ಣ ಸಣ್ಣ ಸೀಳು ಮಾತ್ರ ಹಾಕಬೇಕು. ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿ ಏರುತ್ತದೆ.

ಪುಸ್ತಕದಲ್ಲಿ ಇದೂ ಇದೆ, ಹಸಿಮಣ್ಣು ಅವರೇ. ಆದರೆ ನಿದ್ದೆಗೆಟ್ಟ ಹೊತ್ತಿನಲ್ಲಿ, ಮುಂದೆ ಬೆಂಕಿ, ಹಿಂದೆ ಎಲ್ಲರ ಶ್ರಮದ ಪಾತ್ರೆ ಇರುವಾಗ, ಕೈ ಕಟ್ಟಿ ಕೂರುವ ಧೈರ್ಯ ಯಾರಾದರೂ ಜೊತೆಯಲ್ಲಿದ್ದು ಕೊಡಬೇಕು. ಅದಕ್ಕೇ ಗುರು ಬೇಕು ಅನ್ನುವುದು.

ಸೌದೆರಾಶಿ

ಸೌದೆ ಬಗ್ಗೆ ಎರಡು ಮಾತು. ಹಸಿ ಸೌದೆ ಭಟ್ಟಿಯ ಬಿಸಿಯನ್ನೆಲ್ಲ ತನ್ನ ನೀರು ಆರಿಸಲು ತಿಂದುಬಿಡುತ್ತದೆ. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಸೀಳಿ, ನೆಲಕ್ಕೆ ತಾಗದ ಹಾಗೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಪಕ್ಕದಿಂದ ಗಾಳಿ ಆಡಲು ಬಿಡಿ. ಒಣಗಿದ ಎರಡು ಸೀಳು ಒಂದಕ್ಕೊಂದು ಬಡಿದರೆ ಟಣ್ ಅನ್ನುತ್ತವೆ, ಹಸಿ ಇದ್ದರೆ ದಬ್ ಅನ್ನುತ್ತವೆ.

ಶುರುವಿನಲ್ಲಿ ದಪ್ಪ ಕಟ್ಟಿಗೆ ಸಾಕು, ನಿಧಾನಕ್ಕೆ ಉರಿಯುತ್ತದೆ. ಕೊನೆಯ ಹಂತಕ್ಕೆ ಸಣ್ಣ ಸೀಳು ಬೇಕು, ತಟ್ಟನೆ ಹೊತ್ತಿ ಉದ್ದ ಜ್ವಾಲೆ ಕೊಡುತ್ತದೆ. ಪಕ್ಕದ ಕಿಂಡಿಗಳಿಗೆ ಹಾಕುವುದು ಇನ್ನೂ ಸಣ್ಣದು. ಪೇಂಟ್ ಬಳಿದ ಹಳೆ ಮರ, ರಾಸಾಯನಿಕ ಹಾಕಿದ ಮರ, ಪ್ಲೈವುಡ್ ಯಾವ ಕಾರಣಕ್ಕೂ ಬೇಡ. ಆ ಹೊಗೆ ವಿಷ.

ನಿಧಾನಿ

ವಿಷದ ಹೊಗೆಯೊಂದು ಬಿಟ್ಟರೆ ಒಬ್ಬರೂ ಸುರಕ್ಷತೆಯ ಮಾತು ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೆಂಕಿಗಿಂತ ಮೊದಲು ಹೆದರಬೇಕಾದದ್ದು ಧೂಳಿಗೆ. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಬರುತ್ತದೆ, ಶ್ವಾಸಕೋಶ ಮತ್ತೆ ಮೊದಲಿನಂತೆ ಆಗುವುದಿಲ್ಲ. ಕೆಲಸದ ಜಾಗವನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಮಣ್ಣು ಕಲಸುವಾಗ, ಶೆಲ್ಫ್ ಕೆರೆಯುವಾಗ, ಉಜ್ಜುವಾಗ ಒಳ್ಳೆಯ ಮಾಸ್ಕ್ ಹಾಕಿ. ಶೆಲ್ಫ್ ಕೆರೆಯುವಾಗ ಕನ್ನಡಕವೂ ಬೇಕು, ಹಾರುವುದು ಗಾಜಿನ ಚೂರು.

ಬೂದಿ ಕ್ಷಾರ. ಬೂದಿ ಗ್ಲೇಜ್‌ಗೆಂದು ಬೂದಿ ತೊಳೆಯುವಾಗ ಕೈಗವಸು ಹಾಕದಿದ್ದರೆ ಚರ್ಮ ಸುಡುತ್ತದೆ. ಒಲೆಯ ಮುಂದೆ ಹತ್ತಿ ಬಟ್ಟೆ ಮಾತ್ರ. ಸಿಂಥೆಟಿಕ್ ಬಟ್ಟೆ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಕೂದಲು ಕಟ್ಟಿಕೊಳ್ಳಿ. ಕಿಂಡಿಯೊಳಗೆ ನೋಡಲು ಇನ್‌ಫ್ರಾರೆಡ್ ತಡೆಯುವ ಕನ್ನಡಕ ಬೇಕು, ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಸಾಲದು. ಭಟ್ಟಿ ಹೊಗೆಯಾಡುವ ಹೊತ್ತಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊರಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ಕಿಂಡಿಯ ಹತ್ತಿರ ಮುಖ ಇಟ್ಟು ನಿಲ್ಲಬೇಡಿ, ಚಾವಣಿ ಇದ್ದರೆ ಗಾಳಿ ಆಡುವ ಹಾಗಿರಲಿ.

ನಿಮ್ಮ ಹಿರಿಯರ ಜಾಗಕ್ಕೆ ಹೋದಾಗ ಇದನ್ನೆಲ್ಲ ಗಮನಿಸಿ. ಅವರು ಹೇಗೆ ಕಲಿಸುತ್ತಾರೆ ಅನ್ನುವುದಕ್ಕಿಂತ ಮುಂಚೆ, ಜೊತೆಗಿರುವವರ ಜೀವದ ಬಗ್ಗೆ ಕಾಳಜಿ ಇದೆಯಾ ಅಂತ ನೋಡಬೇಕು.

ಸಂಜೆಬಿಡುವು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಕೆಲಸ, ಚಿಕ್ಕ ಮಗು ಎರಡೂ ಇವೆ. ಒಬ್ಬರ ಬಳಿ ಪೂರ್ತಿ ಹೋಗಿ ಇರಲು ಆಗುವುದಿಲ್ಲ. ನನ್ನಂಥವರು ಆಸೆ ಬಿಡಬೇಕಾ?

ತಿಗರಿಮನೆ

ಖಂಡಿತ ಬೇಡ. ಸೌದೆ ಭಟ್ಟಿ ಒಬ್ಬರಿಂದ ಉರಿಯುವುದಿಲ್ಲ. ದೊಡ್ಡ ಭಟ್ಟಿ ಉರಿಸುವವರಿಗೆ ಪಾಳಿಗೆ ಜನ ಯಾವಾಗಲೂ ಬೇಕು. ಹತ್ತಿರ ಯಾರು ಉರಿಸುತ್ತಾರೆ ಅಂತ ತಿಳಿದುಕೊಂಡು, ಒಂದು ಪಾಳಿಗೆ ಬರುತ್ತೇನೆ ಅಂತ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಉರಿಸಲು ಒಂದು ಪಾಳಿ, ಆಮೇಲೆ ಭಟ್ಟಿ ಬಿಚ್ಚುವ ದಿನ ಕೂಡ ಹೋಗಿ. ಬಿಚ್ಚುವ ದಿನ ತಪ್ಪಿಸಿಕೊಂಡರೆ ಅರ್ಧ ಪಾಠ ಹೋದ ಹಾಗೆ. ನಿಮ್ಮ ಪಾಳಿಯಲ್ಲಿ ಮಾಡಿದ್ದು ಪಾತ್ರೆಯ ಮೇಲೆ ಏನಾಯಿತು ಅಂತ ಗೊತ್ತಾಗುವುದು ಅವತ್ತೇ. ಒಂದೇ ಭಟ್ಟಿಗೆ ಮತ್ತೆ ಮತ್ತೆ ಹೋಗುವುದು ಒಳ್ಳೆಯದು. ಹತ್ತು ಭಟ್ಟಿಗೆ ಒಂದೊಂದು ಸಲ ಹೋದರೆ ಪರಿಚಯ ಆಗುತ್ತದೆ, ಅಷ್ಟು ಕಲಿಕೆ ಆಗುವುದಿಲ್ಲ.

ಹಸಿಮಣ್ಣು ಅವರೇ, ನಿಮಗೆ ಹೇಳಬೇಕೆಂದಿದ್ದದ್ದು ಈಗ ಬರೆಯುತ್ತೇನೆ. ಮುಖ್ಯವಾಗಿ ಬೆಂಕಿಯ ವಿಷಯ ಕೇಳಿ: ಎಷ್ಟನೇ ಸುಡುವಿಕೆಯಿಂದ ನನಗೆ ಪಾಳಿ ಕೊಡುತ್ತೀರಿ, ಮೊದಲು ಯಾರ ಜೊತೆ ಕೂರಿಸುತ್ತೀರಿ? ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಉಳಿದದ್ದು ಹೊಂದಿಕೊಳ್ಳುತ್ತದೆ. ಭಟ್ಟಿಯಲ್ಲಿ ನನ್ನ ಪಾತ್ರೆಗೆ ಜಾಗ ಎಷ್ಟು, ಅದು ಮಾರಿದರೆ ದುಡ್ಡು ಯಾರದ್ದು? ವಾರದಲ್ಲಿ ಯಾವ ಹೊತ್ತು ತಿಗರಿ ನನಗೆ ಬಿಡುವು? ಸಂಬಳ ಇಲ್ಲದಿದ್ದರೆ ಜೀವನಕ್ಕೆ ಬೇರೆ ಕೆಲಸ ಮಾಡಲು ಯಾವ ದಿನ ಸಿಗುತ್ತದೆ? ಗಾಯವಾದರೆ ಖರ್ಚು ಯಾರದ್ದು? ಅವರು ಬೆರೆಸಿದ ಮಣ್ಣಿನ, ಗ್ಲೇಜ್‌ನ ಲೆಕ್ಕವನ್ನು ನಾನು ಮುಂದೆ ಬಳಸಬಹುದಾ? ಕೊನೆಯದನ್ನು ತುಂಬಾ ಜನ ಕೇಳುವುದಿಲ್ಲ, ಆಮೇಲೆ ಮನಸ್ತಾಪ ಬರುತ್ತದೆ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಬರೆಯುವುದು ಅಪನಂಬಿಕೆ ಅಲ್ಲ. ಇಬ್ಬರ ನೆನಪೂ ಒಂದೇ ಆಗಿರಲಿ ಅಂತ.

ಅವರ ಮಾತನ್ನಷ್ಟೇ ಕೇಳಿ ತೀರ್ಮಾನಿಸಬೇಡಿ. ಅವರ ಹತ್ತಿರ ಹಿಂದೆ ಕಲಿತವರನ್ನು ಮಾತಾಡಿಸಿ. ಅವರಲ್ಲಿ ಯಾರಾದರೂ ಸ್ವಂತ ಭಟ್ಟಿ ಕಟ್ಟಿ ಉರಿಸುತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಬೂದಿಬಣ್ಣ

ತಿಗರಿಮನೆ ಅವರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಒಂದು ಸೇರಿಸಲಾ? ಮೇಷ್ಟ್ರ ಅಳತೆಯ ಪಾತ್ರೆಗಳನ್ನೇ ನೂರಾರು ಮಾಡಿಸಿದರೆ ಬೇಸರಪಡಬೇಡಿ. ಲೀಚ್ ಕುಂಬಾರಿಕೆಯಲ್ಲೂ ಕಲಿಯಲು ಬಂದವರು ನಿಗದಿಯಾದ ಅಳತೆ, ಆಕಾರದ ಮನೆಬಳಕೆಯ ಪಾತ್ರೆಗಳನ್ನೇ ಮಾಡುತ್ತಾ ಕೈ ಪಳಗಿಸಿಕೊಂಡರು. ಸೌದೆ ಭಟ್ಟಿಗೆ ಇದರಿಂದ ಇನ್ನೊಂದು ಲಾಭ ಇದೆ. ಒಂದೇ ಆಕಾರದ ಲೋಟಗಳನ್ನು ಭಟ್ಟಿಯ ಬೇರೆ ಬೇರೆ ಕಡೆ ಇಟ್ಟರೆ, ಬಣ್ಣದಲ್ಲಿ ಬಂದ ವ್ಯತ್ಯಾಸವೆಲ್ಲ ಜಾಗದಿಂದ ಬಂದದ್ದು ಅಂತ ಸ್ಪಷ್ಟವಾಗಿ ತಿಳಿಯುತ್ತದೆ.

ಹಸಿಮಣ್ಣು

ಹೋಗಿ ಮಾತಾಡಿ ಬಂದೆ. ಹಾಳೆಯಲ್ಲಿ ಬರೆದುಕೊಂಡು ಹೋದದ್ದನ್ನು ನೋಡಿ ಅವರು ಬೇಜಾರು ಮಾಡಿಕೊಳ್ಳಬಹುದು ಅಂತ ಅಳುಕು ಇತ್ತು. ಏನೂ ಆಗಲಿಲ್ಲ. ಒಂದೊಂದೇ ಓದಿಸಿಕೊಂಡು ಉತ್ತರ ಕೊಟ್ಟರು. ಮೊದಲ ಸುಡುವಿಕೆಯಲ್ಲಿ ಅವರ ಪಕ್ಕದಲ್ಲಿ ಕೂತು ನೋಡುವುದು, ಎರಡನೆಯದರಿಂದ ಅವರ ಪಾಳಿಯಲ್ಲೇ ಸೌದೆ ಹಾಕುವುದು. ನನ್ನ ಪಾತ್ರೆಗಳಿಗೆ ಒಂದು ಶೆಲ್ಫ್ ಜಾಗ, ಮಾರಿದರೆ ದುಡ್ಡು ನನ್ನದು. ಸಂಜೆ ತಿಗರಿ ಖಾಲಿ ಇರುತ್ತದೆ, ಬಳಸಿಕೋ ಅಂದರು. ಗ್ಲೇಜ್ ಲೆಕ್ಕ ಬೇಕಾದರೆ ಇವತ್ತೇ ಬರೆದುಕೋ, ನಿನ್ನ ಮಣ್ಣಿಗೆ ಅದು ಹೊಂದುವುದಿಲ್ಲ, ನೀನೇ ತಿದ್ದಿಕೊಳ್ಳಬೇಕು ಅಂದರು. ಅವರ ಹತ್ತಿರ ಮುಂಚೆ ಕಲಿತ ಇಬ್ಬರ ಜೊತೆಗೂ ಮಾತಾಡಿದೆ. ಇಬ್ಬರೂ ಈಗಲೂ ಭಟ್ಟಿ ಉರಿಸುವಾಗ ಕೈಜೋಡಿಸಲು ಅಲ್ಲಿಗೆ ಬರುತ್ತಾರಂತೆ. ನನಗೆ ಅಷ್ಟು ಸಾಕಾಯಿತು. ಸೇರುತ್ತಿದ್ದೇನೆ.

ಆ ಒಂದು ಶೆಲ್ಫ್‌ಗೆ ಮೊದಲ ಸಲ ಎಂಥ ಪಾತ್ರೆ ಮಾಡಲಿ? ಗ್ಲೇಜ್ ಹಾಕಲಾ, ಹಾಗೇ ಬಿಡಲಾ?

ಒಲೆಬಾಯಿ

ಓದಿ ತುಂಬಾ ಸಂತೋಷವಾಯಿತು. ಒಳ್ಳೆಯ ಕೈಗೆ ಸಿಕ್ಕಿದ್ದೀರಿ.

ಒಂದೇ ಶೆಲ್ಫ್ ಆದರೂ ಪಾತ್ರೆಗಳನ್ನು ಅಲ್ಲೇ ಗುಂಪಾಗಿ ಇಡಬೇಡಿ. ಬೂದಿಬಣ್ಣ ಅವರು ಹೇಳಿದ ಹಾಗೆ ಒಂದೇ ಅಳತೆಯ ಲೋಟಗಳನ್ನು ಮಾಡಿ, ಮೇಷ್ಟ್ರನ್ನು ಕೇಳಿ ಭಟ್ಟಿಯ ಮುಂದೆ, ನಡುವೆ, ಹಿಂದೆ, ಮೇಲೆ, ಕೆಳಗೆ ಹಂಚಿ ಇಡಿ. ಹೊರಗಡೆ ಗ್ಲೇಜ್ ಬೇಡ, ಬೆಂಕಿ ಏನು ಮಾಡುತ್ತದೆ ಅಂತ ನೋಡಬೇಕಲ್ವಾ. ಒಳಗಡೆ ಮಾತ್ರ ಹಾಕಿ, ಬೂದಿ ಒಳಗೆ ಸರಿಯಾಗಿ ಬೀಳುವುದಿಲ್ಲ. ಗೋಡೆ ತೀರಾ ತೆಳುವಾಗಿ ಎಳೆಯಬೇಡಿ, ಒಲೆಯ ಹತ್ತಿರ ಇಟ್ಟದ್ದು ಬಾಗುತ್ತದೆ.

ಪ್ರತಿ ಲೋಟದ ತಳಕ್ಕೆ ಮೂರು ಮಣ್ಣುಗುಂಡು ಇಡಿ. ಬೆಂಕಿಗೆ ಕರಗದ ಅಲ್ಯೂಮಿನಾ ಹೈಡ್ರೇಟ್ ಪುಡಿ, ಕಯೋಲಿನ್ ಅನ್ನುವ ಬಿಳಿ ಜೇಡಿಮಣ್ಣು ಸಮ ಸಮ ಕಲಸಿದ್ದು. ಇಲ್ಲದಿದ್ದರೆ ಕರಗಿದ ಬೂದಿ ಲೋಟವನ್ನೂ ಶೆಲ್ಫನ್ನೂ ಒಂದು ಮಾಡಿಬಿಡುತ್ತದೆ. ತಳದಲ್ಲಿ ನಂಬರು ಕೆತ್ತಿ. ಯಾವ ನಂಬರು ಎಲ್ಲಿತ್ತು, ಬೆಂಕಿಯ ಕಡೆ ಯಾವ ಮುಖ ಇತ್ತು ಅಂತ ಒಂದು ಪುಸ್ತಕದಲ್ಲಿ ಚಿತ್ರ ಬರೆದಿಡಿ. ಭಟ್ಟಿ ಉರಿಸಿದಷ್ಟೇ ಹೊತ್ತು ಆರಲೂ ಬೇಕು, ಬಾಗಿಲ ಇಟ್ಟಿಗೆ ತೆಗೆಯುವ ಅವಸರ ಬೇಡ. ಬಿಚ್ಚಿದ ಮೇಲೆ ಫೋಟೋ ಹಾಕಿ, ಜೊತೆಗೆ ಆ ಚಿತ್ರವನ್ನೂ ಹಾಕಿ. ಎಲ್ಲರೂ ಸೇರಿ ನೋಡೋಣ.